ಗೇಟಿನ ದುಡ್ಡು, ಟಿವಿಯ ದುಡ್ಡು

ಉಡುಪಿಯ ಕುಂಜಿಬೆಟ್ಟಿನಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಕೊರೊನಾ ಕಾಲದಲ್ಲಿ ಕೆಳಹಂತದ ಫುಟ್‌ಬಾಲ್ ಕ್ಲಬ್‌ಗಳು ಪಟ್ಟ ಪಾಡಿಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಪುಟ ಕೊಟ್ಟಿದ್ದೀರಿ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದೆ ಜನ ಒದ್ದಾಡಿದ ಕಾಲ ಅದು. ಇಂಗ್ಲೆಂಡಿನ ಯಾವುದೋ ಊರಿನ ನಾಲ್ಕನೇ ದರ್ಜೆಯ ತಂಡ ಬಾಗಿಲು ಮುಚ್ಚಿತೆಂದು ನಾವು ಇಲ್ಲಿ ಕಣ್ಣೀರು ಹಾಕಬೇಕೇ? ಇಡೀ ಆಯುಷ್ಯ ಬ್ಯಾಂಕಿನಲ್ಲಿ ದುಡಿದವನು ನಾನು. ಆದಾಯ ಮೀರಿ ಖರ್ಚು ಮಾಡಿದ ಸಂಸ್ಥೆ ಮುಳುಗುತ್ತದೆ, ಕೊರೊನಾ ಬರೀ ನೆಪ. ಉಳಿಯುವ ಯೋಗ್ಯತೆ ಇದ್ದದ್ದು ಉಳಿಯಿತು. ಇನ್ನು ಮುಂದಾದರೂ ಜಿಲ್ಲೆಯ ವಿಷಯ ಬರೆಯಿರಿ."

ರಾಯರೇ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಕ್ಷರ ನೋಡಿದರೆ ಲೆಡ್ಜರ್ ಬರೆದ ಕೈ ಎಂದು ಯಾರೂ ಹೇಳಬೇಕಾಗಿಲ್ಲ. ಇಷ್ಟು ಚೆಂದವಾಗಿ ಬೈಯುವವರು ಈಗ ಕಡಿಮೆಯಾಗಿದ್ದಾರೆ.

ಮೊದಲು ನಿಮ್ಮ ಪಾಲಿನದನ್ನು ನಿಮಗೆ ಕೊಟ್ಟುಬಿಡುತ್ತೇನೆ. ಇಂಗ್ಲೆಂಡಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ಪನ್ನು ಎರಡು ಬಾರಿ ಗೆದ್ದಿದ್ದ ಬ್ಯೂರಿ ಕ್ಲಬ್ಬನ್ನು ಇಂಗ್ಲಿಷ್ ಲೀಗಿನಿಂದ ಹೊರಹಾಕಿದ್ದು 2019ರ ಆಗಸ್ಟ್‌ನಲ್ಲಿ. ಆಗ ಕೊರೊನಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ಎರಡನೇ ಹಂತದ ಕ್ಲಬ್‌ಗಳು 2018–19ರಲ್ಲಿ ಗಳಿಸಿದ ಪ್ರತಿ 100 ಪೌಂಡಿಗೆ 107 ಪೌಂಡ್ ಸಂಬಳವನ್ನೇ ಕೊಡುತ್ತಿದ್ದವು. ಇಂಥ ಲೆಕ್ಕವನ್ನು ನಿಮ್ಮ ಮೇಜಿನ ಮೇಲೆ ತಂದಿಟ್ಟಿದ್ದರೆ ಸಾಲದ ಅರ್ಜಿ ಹರಿದು ಹಾಕುತ್ತಿದ್ದಿರಿ, ಸರಿಯಾಗಿಯೇ. ದುಂದುಗಾರರು ಇದ್ದರು, ಒಪ್ಪಿದೆ.

ಇಲ್ಲಿಗೆ ನಿಮ್ಮ ಪಾಲು ಮುಗಿಯಿತು. ಇನ್ನು ನನ್ನದು.

ನಮ್ಮ ಜಿಲ್ಲೆಯ ಬ್ಯಾಂಕಿನವರೇ ಈ ಪ್ರಶ್ನೆ ಕೇಳಿದ್ದು ನನಗೆ ಸೋಜಿಗ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟ್ ದಿನಾ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಎರಡಾಣೆ, ನಾಲ್ಕಾಣೆ ಎತ್ತಿಕೊಂಡು ಬರಬೇಕು. ಅದರ ಮೇಲೆ ಬ್ಯಾಂಕ್ ನಿಲ್ಲಬೇಕು. ಆ ಏಜೆಂಟ್ ಒಂದು ವರ್ಷ ಯಾರ ಬಾಗಿಲಿಗೂ ಹೋಗಬಾರದೆಂದು ಸರ್ಕಾರ ಹೇಳಿದ್ದರೆ ಏನಾಗುತ್ತಿತ್ತು? ಸಣ್ಣ ಕ್ಲಬ್ಬಿನ ಗೇಟ್ ಕಲೆಕ್ಷನ್ ಎಂದರೆ ಪಿಗ್ಮಿಯೇ. ಶನಿವಾರ ಸಾವಿರ, ಎರಡು ಸಾವಿರ ಜನ ಬಂದು ಟಿಕೆಟ್ ಕೊಳ್ಳಬೇಕು, ಒಂದು ಕಪ್ ಚಹಾ ಕುಡಿಯಬೇಕು, ಮಗನಿಗೊಂದು ಮಫ್ಲರ್ ಕೊಡಿಸಬೇಕು. ಆ ಹಣದಲ್ಲಿ ಮುಂದಿನ ವಾರದ ಸಂಬಳ. ಇದರಲ್ಲಿ ದುಂದು ಎಲ್ಲಿದೆ?

2020ರ ಮಾರ್ಚ್ 13ರಂದು ಇಂಗ್ಲೆಂಡಿನಲ್ಲಿ ವೃತ್ತಿಪರ ಫುಟ್‌ಬಾಲ್ ನಿಂತಿತು. ಅಲ್ಲಿನ ಮೊದಲ ಹಂತವಾದ ಪ್ರೀಮಿಯರ್ ಲೀಗ್ ಜೂನ್ 17ಕ್ಕೆ ಮತ್ತೆ ಆರಂಭವಾಯಿತು, ಖಾಲಿ ಗ್ಯಾಲರಿಯ ಮುಂದೆ. ಟಿವಿ ಕಂಪನಿಯ ಹಣ ಬರುತ್ತಿದ್ದಾಗ ಗ್ಯಾಲರಿಯಲ್ಲಿ ಜನರಿದ್ದರೆಷ್ಟು, ಬಿಟ್ಟರೆಷ್ಟು! ಮೂರನೇ ಮತ್ತು ನಾಲ್ಕನೇ ಹಂತದವರು ಜೂನ್ 9ಕ್ಕೆ ಋತುವನ್ನೇ ಮುಗಿಸಿಬಿಟ್ಟರು. ಆಟಗಾರರಿಗೆ ಮತ್ತೆ ಮತ್ತೆ ಕೊರೊನಾ ಪರೀಕ್ಷೆ, ಮೈದಾನದ ಖರ್ಚು, ಪ್ರಯಾಣ, ಸಂಬಳ, ಇಷ್ಟಕ್ಕೆಲ್ಲ ಎದುರಾಗಿ ಗೇಟಿನಲ್ಲಿ ಒಂದು ಪೈಸೆ ಇಲ್ಲ. ಆಡುವುದಕ್ಕಿಂತ ಆಡದಿರುವುದೇ ಅಗ್ಗವಾಗಿತ್ತು. ಫುಟ್‌ಬಾಲ್ ಆಡುವುದಕ್ಕೆಂದೇ ಇರುವ ಸಂಸ್ಥೆಗೆ ಫುಟ್‌ಬಾಲ್ ಆಡಿದರೆ ನಷ್ಟ. ನಿಮ್ಮ ಬ್ಯಾಂಕಿಂಗ್ ಪುಸ್ತಕದಲ್ಲಿ ಇದಕ್ಕೊಂದು ಅಧ್ಯಾಯವಿದ್ದರೆ ದಯವಿಟ್ಟು ಕಳಿಸಿಕೊಡಿ.

"ಯೋಗ್ಯತೆ ಇದ್ದದ್ದು ಉಳಿಯಿತು" ಎಂದಿರಲ್ಲ, ನನಗೆ ಸಿಟ್ಟು ಬಂದದ್ದು ಅಲ್ಲೇ. ಜೆರ್ಸಿ ದ್ವೀಪದಲ್ಲಿ ಜೆರ್ಸಿ ಬುಲ್ಸ್ ಎಂಬ ಹೊಸ ತಂಡವೊಂದು ಇಂಗ್ಲೆಂಡಿನ ಹತ್ತನೇ ಹಂತದ ಲೀಗಿನಲ್ಲಿ ಆಡುತ್ತಿತ್ತು. ಅದು ಆಡಿದ್ದು 27 ಪಂದ್ಯ, ಗೆದ್ದದ್ದೂ 27. ಮಾರ್ಚ್ 26ರಂದು ಫುಟ್‌ಬಾಲ್ ಸಂಸ್ಥೆ ಏಳನೇ ಹಂತದಿಂದ ಕೆಳಗಿನವರ ಇಡೀ ಋತುವಿನ ಫಲಿತಾಂಶಗಳನ್ನು ಅಳಿಸಿಹಾಕಿತು. ಬಡ್ತಿ ಇಲ್ಲ, ಹಿಂಬಡ್ತಿ ಇಲ್ಲ, ಆಡಿದ್ದೇ ಇಲ್ಲ. ಏಳನೇ ಹಂತದಲ್ಲಿ ಸೌತ್ ಶೀಲ್ಡ್ಸ್ ತಂಡ 12 ಅಂಕಗಳಿಂದ ಮುಂದಿತ್ತು, ಅದೂ ಹೋಯಿತು. ಮೇಲಿನ ಹಂತದಲ್ಲಿ ಲಿವರ್‌ಪೂಲ್ 30 ವರ್ಷಗಳ ನಂತರ ಲೀಗ್ ಗೆಲ್ಲುವ ಅಂಚಿನಲ್ಲಿದ್ದಾಗ ಫಲಿತಾಂಶ ಅಳಿಸುವ ಮಾತನ್ನು ಎಷ್ಟು ಜನ ಗಟ್ಟಿಯಾಗಿ ಆಡಿದರು? 27ಕ್ಕೆ 27 ಗೆದ್ದವರಿಗಿಂತ ಹೆಚ್ಚಿನ ಯೋಗ್ಯತೆಯನ್ನು ಎಲ್ಲಿಂದ ತರಬೇಕು, ರಾಯರೇ?

ಸ್ಕಾಟ್ಲೆಂಡಿನ ಕಥೆ ಇನ್ನೂ ಚೆಂದ, ತಾಳಮದ್ದಳೆಗೆ ಪ್ರಸಂಗವಾಗುವಷ್ಟು. ಕೆಳಗಿನ ಮೂರು ಹಂತಗಳ ಋತುವನ್ನು ಅಲ್ಲಿಗೇ ಮುಗಿಸಬೇಕೇ ಎಂದು 2020ರ ಏಪ್ರಿಲ್‌ನಲ್ಲಿ ಕ್ಲಬ್‌ಗಳ ಮತ ಕೇಳಿದರು. ಎರಡನೇ ಹಂತದ ಹತ್ತರಲ್ಲಿ ಎಂಟು ಮತ ಬೇಕಿತ್ತು, ಕೊನೆಗೆ ಎಲ್ಲವೂ ಡಂಡೀ ಕ್ಲಬ್ಬಿನ ಒಂದು ಮತದ ಮೇಲೆ ನಿಂತಿತು. ಅವರು "ಬೇಡ" ಎಂದು ಇಮೇಲ್ ಕಳಿಸಿದ್ದರು. ಆ ಇಮೇಲ್ ಲೀಗಿನ ಕಂಪ್ಯೂಟರ್ ವ್ಯವಸ್ಥೆಯಲ್ಲೇ ಎಲ್ಲೋ ಸಿಕ್ಕಿಹಾಕಿಕೊಂಡು ಸಮಯಕ್ಕೆ ತಲುಪಲಿಲ್ಲ. ಕೆಲವು ದಿನಗಳ ನಂತರ ಡಂಡೀಯವರು ಮನಸ್ಸು ಬದಲಿಸಿ "ಬೇಕು" ಎಂದರು. ಋತು ಅಲ್ಲಿಗೇ ಮುಗಿಯಿತು. ಎರಡನೇ ಹಂತದ ಕೊನೆಯಲ್ಲಿದ್ದ ಪಾರ್ಟಿಕ್ ಥಿಸಲ್ ತಂಡ ತನ್ನ ಮೇಲಿನವರಿಗಿಂತ ಕೇವಲ ಎರಡು ಅಂಕ ಹಿಂದಿತ್ತು, ಆಡಬೇಕಾದ ಪಂದ್ಯವೊಂದು ಹೆಚ್ಚಿಗೆ ಬಾಕಿಯೂ ಇತ್ತು. ಆದರೂ ಕೆಳಗಿನ ಹಂತಕ್ಕೆ ಬಿತ್ತು. ಬ್ಯಾಲೆನ್ಸ್ ಶೀಟ್ ನೋಡಿ ಬೀಳಿಸಿದ್ದಲ್ಲ, ಚೆಂಡಿನಾಟದಲ್ಲಿ ಸೋತು ಬಿದ್ದದ್ದೂ ಅಲ್ಲ.

ಈಗ ನಿಮಗೆ ಪ್ರಿಯವಾದ ಅಂಕಿಗಳಿಗೆ ಬರೋಣ. 2020ರ ಬೇಸಿಗೆಯ ವರ್ಗಾವಣೆ ಅವಧಿಯಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್‌ಗಳು ಆಟಗಾರರನ್ನು ಕೊಳ್ಳಲು ಸುರಿದದ್ದು 120 ಕೋಟಿ ಪೌಂಡಿಗೂ ಹೆಚ್ಚು. ಅದೇ ಸೆಪ್ಟೆಂಬರ್‌ನಲ್ಲಿ, 1874ರಲ್ಲಿ ಹುಟ್ಟಿದ ಮ್ಯಾಕಲ್ಸ್‌ಫೀಲ್ಡ್ ಟೌನ್ ಕ್ಲಬ್ಬನ್ನು ನ್ಯಾಯಾಲಯ ಮುಚ್ಚಿಸಿತು. ಸಾಲ ಸುಮಾರು ಐದು ಲಕ್ಷ ಪೌಂಡ್. (ಆ ಕ್ಲಬ್ ಮೊದಲೂ ಸಂಬಳ ಬಾಕಿ ಇಟ್ಟಿತ್ತು ಎಂದು ನೀವು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುತ್ತೇನೆ.) ದೊಡ್ಡವರು ಕೆಳಗಿನವರಿಗೆ ನೆರವು ಘೋಷಿಸಿದ್ದು ಡಿಸೆಂಬರ್‌ನಲ್ಲಿ, ಗೇಟು ಮುಚ್ಚಿ ಒಂಬತ್ತು ತಿಂಗಳು ಕಳೆದ ಮೇಲೆ. 25 ಕೋಟಿ ಪೌಂಡ್ ಎಂದು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬಂತು. ಬಿಡಿಸಿ ನೋಡಿದರೆ 20 ಕೋಟಿ ಎರಡನೇ ಹಂತಕ್ಕೆ ಸಾಲ, ಮೂರು ಮತ್ತು ನಾಲ್ಕನೇ ಹಂತದ ಎಲ್ಲ ಕ್ಲಬ್‌ಗಳಿಗೂ ಸೇರಿ ಐದು ಕೋಟಿ. ಈ ನಡುವೆ ಅಕ್ಟೋಬರ್‌ನಲ್ಲಿ ಒಂದು ಯೋಜನೆ ಬಂದಿತ್ತು: ನೆರವು ಕೊಡುತ್ತೇವೆ, ಬದಲಿಗೆ ಲೀಗಿನ ಆಡಳಿತದಲ್ಲಿ ದೊಡ್ಡ ಕ್ಲಬ್‌ಗಳ ಮಾತೇ ನಡೆಯಬೇಕು ಎಂಬ ಅರ್ಥದ್ದು. ಅದನ್ನು ಪ್ರೀಮಿಯರ್ ಲೀಗಿನವರೇ ತಿರಸ್ಕರಿಸಿದರೆನ್ನಿ. ಬರಗಾಲದಲ್ಲಿ ಅಕ್ಕಿ ಕೊಟ್ಟು ಗದ್ದೆ ಬರೆಸಿಕೊಂಡವರನ್ನು ನಮ್ಮ ಹಿರಿಯರೂ ಕಂಡಿದ್ದಾರೆ.

ಮ್ಯಾಕಲ್ಸ್‌ಫೀಲ್ಡ್ ಸತ್ತು ಹೋಗಲಿಲ್ಲ ಎಂಬುದನ್ನೂ ತಿಳಿದಿರಿ. ಮೈದಾನವನ್ನು ಒಬ್ಬರು ಕೊಂಡರು, ಹೊಸ ಹೆಸರಿನಲ್ಲಿ ಕ್ಲಬ್ ಒಂಬತ್ತನೇ ಹಂತದಿಂದ ಮತ್ತೆ ಶುರುವಾಯಿತು, ಮೊದಲ ಋತುವಿನಲ್ಲೇ ಬಡ್ತಿ ಪಡೆಯಿತು. ನೀವು ಮುಳುಗಿತು ಎಂದು ಖಾತೆ ಮುಚ್ಚಿದ್ದನ್ನು ಊರಿನವರು ಮತ್ತೆ ತೆರೆದರು.

ಆಗ ಜರ್ಮನಿಯ ನಾಲ್ಕನೇ ಹಂತದಲ್ಲಿ ಲೋಕೊಮೋಟಿವ್ ಲೈಪ್‌ಜಿಗ್ ಎಂಬ ಹಳೆಯ ಕ್ಲಬ್ ಆಡುತ್ತಿತ್ತು. 1987ರಲ್ಲಿ ಬೋರ್ಡೋ ತಂಡದ ವಿರುದ್ಧ ತನ್ನ ಪಂದ್ಯಕ್ಕೆ 1.20 ಲಕ್ಷ ಜನ ಸೇರಿದ್ದರು ಎಂಬುದು ಅದರ ಹೆಮ್ಮೆ. 2020ರಲ್ಲಿ ಗೇಟು ಮುಚ್ಚಿದ್ದಾಗ ಅವರು "ಕಣ್ಣಿಗೆ ಕಾಣದ ಎದುರಾಳಿ"ಯ ವಿರುದ್ಧ ಪಂದ್ಯವೊಂದನ್ನು ಘೋಷಿಸಿ, ಒಂದು ಯೂರೋಗೆ ಟಿಕೆಟ್ ಮಾರಿದರು. ಪಂದ್ಯವಿಲ್ಲ, ಎದುರು ತಂಡವಿಲ್ಲ, ಹೋಗುವುದಕ್ಕೆ ಮೈದಾನವಿಲ್ಲ. ಹಳೆಯ 1.20 ಲಕ್ಷದ ದಾಖಲೆ ಮುರಿಯುವಷ್ಟು ಟಿಕೆಟ್ ಮಾರಾಟವಾಯಿತು. ತಿನ್ನಲಾಗದ ಸಾಸೇಜನ್ನೂ ಕುಡಿಯಲಾಗದ ಬಿಯರನ್ನೂ ಜನ ದುಡ್ಡು ಕೊಟ್ಟು ಕೊಂಡರು. ಇದನ್ನು ಯಾವ ಖಾತೆಗೆ ಜಮಾ ಮಾಡುತ್ತೀರಿ?

ಇನ್ನೊಂದು ಕ್ಲಬ್ಬು, ಲಿವರ್‌ಪೂಲ್ ನಗರದ ಬಳಿಯ ಮರೀನ್. ಆಗ ಎಂಟನೇ ಹಂತದ ತಂಡ. ಮೈದಾನದ ಒಂದು ಬದಿಗೆ ಮನೆಗಳ ಹಿತ್ತಲು, ನಡುವೆ ಒಂದು ಬೇಲಿ. 2021ರ ಜನವರಿ 10ರಂದು ಎಫ್‌ಎ ಕಪ್‌ನಲ್ಲಿ ಅಲ್ಲಿಗೆ ಬಂದದ್ದು ಪ್ರೀಮಿಯರ್ ಲೀಗಿನ ಟೊಟೆನ್‌ಹ್ಯಾಮ್, ತರಬೇತುದಾರ ಜೋಸೆ ಮೊರಿನ್ಯೊ ಸಮೇತ. ಒಂದು ಊರಿನ ಕ್ಲಬ್ಬಿಗೆ ಶತಮಾನಕ್ಕೊಮ್ಮೆ ಬರುವ ದಿನ; ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಹಿತ್ತಲಿನವರು ಬೇಲಿಯ ಮೇಲಿಂದ ಇಣುಕಿ ನೋಡಿದರು. ಕ್ಲಬ್ 10 ಪೌಂಡಿಗೆ ಕೂರಲಾಗದ ಆಸನದ ಟಿಕೆಟ್ ಮಾರಿತು. 30 ಸಾವಿರಕ್ಕೂ ಹೆಚ್ಚು ಖರ್ಚಾದವು. ಮೈದಾನದಲ್ಲಿ ಹಿಡಿಸುವುದೇ ಮೂರು ಸಾವಿರದಷ್ಟು. ಮರೀನ್ 0–5ರಿಂದ ಸೋತಿತು. ಆದರೆ ಗೋಲು ಬೀಳುವ ಮೊದಲು ಅವರ ಹುಡುಗನೊಬ್ಬ ದೂರದಿಂದ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದೆ ಬಂತು. ಅದು ಒಳಗೆ ಹೋಗಿದ್ದರೆ ಈ ಉತ್ತರ ಇನ್ನೂ ಎರಡು ಪುಟ ಉದ್ದವಾಗುತ್ತಿತ್ತು.

ಜಿಲ್ಲೆಯ ವಿಷಯ ಬರೆಯಿರಿ ಎಂದಿರಿ. ಬರೆಯುತ್ತೇನೆ. ಮಂಗಳೂರಿನ ಹಳೆ ಬಂದರಿನಿಂದ ದೋಣಿ ಹತ್ತಿ ಆಚೆ ದಡದ ಕಸಬಾ ಬೆಂಗರೆಗೆ ಒಮ್ಮೆ ಹೋಗಿ ಬನ್ನಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವಿನ ಮರಳಿನಲ್ಲಿ ಫುಟ್‌ಬಾಲ್. ಕಡಲ ತಡಿಯ ಇಂಥದೊಂದು ಕ್ಲಬ್ಬಿನ ಖಜಾಂಚಿ ನನಗೆ 2020ರ ಟೂರ್ನಿಯ ರಸೀದಿ ಪುಸ್ತಕ ತೋರಿಸಿದರು. ಮಾರ್ಚ್ ಎರಡನೇ ವಾರದವರೆಗಿನ ಅಡಿಹಾಳೆಗಳಲ್ಲಿ ಹೆಸರುಗಳಿವೆ: ಮಂಜುಗಡ್ಡೆ ಕಾರ್ಖಾನೆ, ಬಲೆ ಅಂಗಡಿ, ಮೂವರು ಬೋಟು ಮಾಲಕರು, ಒಂದು ಬಿರಿಯಾನಿ ಹೋಟೆಲ್, ದಮ್ಮಾಮಿನಲ್ಲಿ ಕೆಲಸ ಮಾಡುವ ಅಳಿಯ. ಮುಂದಿನ ಹಾಳೆಗಳೆಲ್ಲ ಖಾಲಿ. ಆಮೇಲೆ ಏನಾಯಿತು ನೋಡಿ. ಲಾಕ್‌ಡೌನ್ ಬಂದು ಬೋಟುಗಳು ದಕ್ಕೆಯಲ್ಲಿ ನಿಂತವು. ಬೋಟು ನಿಂತ ಮೇಲೆ ಮಂಜುಗಡ್ಡೆ ಯಾರಿಗೆ, ಬಲೆ ಯಾರಿಗೆ? ತಲಪಾಡಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಉಪ್ಪಳ, ಮಂಜೇಶ್ವರದ ಕಡೆಯಿಂದ ಸೆವೆನ್ಸ್ (ತಂಡಕ್ಕೆ ಏಳು ಜನರ ಫುಟ್‌ಬಾಲ್) ಆಡಲು ಬರುತ್ತಿದ್ದ ಹುಡುಗರು ಆ ಬದಿಯಲ್ಲೇ ಉಳಿದರು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂತು. ಗಲ್ಫಿನಿಂದ ಮರಳಿದವರಲ್ಲಿ ಕೆಲಸ ಕಳೆದುಕೊಂಡವರೂ ಇದ್ದರು. ವಂತಿಗೆ ಕೊಡುತ್ತಿದ್ದ ಕೈಗಳೆಲ್ಲ ಒಟ್ಟಿಗೇ ಬರಿದಾದವು. ಈ ಕ್ಲಬ್ಬಿನ ದುಂದುಗಾರಿಕೆ ಎಷ್ಟೆಂದರೆ, ಎರಡು ಜೊತೆ ಜೆರ್ಸಿ ಮತ್ತು ಬಾಡಿಗೆಯ ಫ್ಲಡ್‌ಲೈಟ್.

ದೇಶದ ಮಟ್ಟದಲ್ಲೂ ಬೇರೆ ಕಥೆಯೇನಿಲ್ಲ. ಟಿವಿಯಲ್ಲಿ ಬರುವ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೋವಾದಲ್ಲಿ ಬಯೋಬಬಲ್ ಕಟ್ಟಿಕೊಂಡು 2020–21ರ ಋತುವನ್ನು ಪೂರ್ತಿ ಆಡಿ ಮುಗಿಸಿತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಆ ವರ್ಷ ನಡೆಯಲೇ ಇಲ್ಲ. ಅದೇ ಸಂತೋಷ್ ಟ್ರೋಫಿಯನ್ನು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಗೆದ್ದಾಗ ಎಲ್ಲರೂ ಅಭಿನಂದನೆಯ ಫಲಕ ಹಾಕಿದರು. ಆ ಹುಡುಗರು ಆಕಾಶದಿಂದ ಉದುರಿದವರೇ? ಯಾವುದೋ ಕ್ಲಬ್ಬಿನ ಖಜಾಂಚಿ ರಸೀದಿ ಪುಸ್ತಕ ಹಿಡಿದು ಅಲೆದದ್ದರಿಂದ ಬಂದವರು.

ಫುಟ್‌ಬಾಲ್ ಬಿಡಿ. ಯಕ್ಷಗಾನ ಮೇಳಗಳು ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ತಿರುಗಾಟ ಮಾಡಬೇಕಿದ್ದದ್ದು ಆ ವರ್ಷ ಮಾರ್ಚ್‌ನಲ್ಲೇ ಗೆಜ್ಜೆ ಬಿಚ್ಚಬೇಕಾಯಿತು. ಹೆಸರಾಂತ ಕಲಾವಿದರಿಗೆ ಆನ್‌ಲೈನ್ ಆಟಗಳು ಸಿಕ್ಕವು, ಕೋಡಂಗಿ, ಬಾಲಗೋಪಾಲ ವೇಷದ ಹುಡುಗರಿಗೆ ಏನು ಸಿಕ್ಕಿತು? ಕ್ಯಾಮೆರಾ ತಿರುಗುವುದು ಯಾವಾಗಲೂ ಕಿರೀಟದ ಕಡೆಗೆ. ಈಗ ಮಂಗಳೂರಿನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಹಸಿರು ಟರ್ಫ್‌ಗಳು ಎದ್ದಿವೆ, ಆಟ ಬೆಳೆಯುತ್ತಿದೆ ಎನ್ನುತ್ತಾರೆ. ಕಾಸಿದ್ದವರ ಮಕ್ಕಳು ಒಂದು ಗಂಟೆ ಆಡಿ ಹೋಗುತ್ತಾರೆ. ಆ ಟರ್ಫಿಗೆ ತಂಡವಿಲ್ಲ, ಬಣ್ಣವಿಲ್ಲ, ಸೋತಾಗ ಬೈಯುವ ಊರಿಲ್ಲ.

ಕೊನೆಗೆ ನಿಮ್ಮ ಮನೆಯ ಮಾತು. 2020ರ ಏಪ್ರಿಲ್ 1ರಂದು, ನಾವೆಲ್ಲ ಮನೆಯೊಳಗೆ ಕೂತಿದ್ದಾಗ, ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿತು, 1906ರಲ್ಲಿ ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿತು. ನಿರ್ಧಾರ ಹಿಂದಿನ ವರ್ಷದ್ದು, ಹಾಗಾಗಿ ಕೊರೊನಾವನ್ನು ದೂರುವಂತಿಲ್ಲ. ಆದರೆ ಬೋರ್ಡು ಬದಲಾದಾಗ ಕೌಂಟರಿನ ಮುಂದೆ ನಿಂತು ಒಂದು ಮಾತು ಹೇಳುವುದಕ್ಕೂ ಊರಿಗೆ ಅವಕಾಶವಿರಲಿಲ್ಲ. ಅವು ಉಳಿಯುವ ಯೋಗ್ಯತೆ ಇಲ್ಲದ ಬ್ಯಾಂಕುಗಳಾಗಿದ್ದವೆಂದು ನಿಮ್ಮ ಎದುರು ಯಾರಾದರೂ ಹೇಳಿದರೆ ಸುಮ್ಮನಿರುತ್ತೀರಾ?

ಹೇಗೂ ಸಂಜೆ ಹೊತ್ತು ಅಜ್ಜರಕಾಡಿನ ಕಡೆ ತಿರುಗಾಡಲು ಹೋಗುತ್ತೀರೆಂದು ಬರೆದಿದ್ದೀರಿ. ರಸೀದಿ ಪುಸ್ತಕದ ಆ ಖಜಾಂಚಿಗೆ ಲೆಕ್ಕ ಬರೆಯುವುದು ತಲೆನೋವು. ಜಮಾ-ಖರ್ಚು ಸರಿಯಾಗಿ ಇಡುವವರೊಬ್ಬರು ಬೇಕು ಎಂದು ಹೇಳುತ್ತಿದ್ದರು. ಸಂಬಳವಿಲ್ಲ, ದೋಣಿಯ ಚಾರ್ಜು ಕೊಡುತ್ತಾರೆ. ಒಪ್ಪಿಗೆಯಿದ್ದರೆ ಕಾರ್ಡು ಹಾಕಿ, ಅವರ ನಂಬರ್ ಕಳಿಸಿಕೊಡುತ್ತೇನೆ.

— ಸಂ.