ರಾಜವೈದ್ಯನಿಗೆ ಒಂದು ಗುಟ್ಟು ಕೊಡಿ

ನಿಮ್ಮ ಕಥೆಯ ಕಾಲ್ಪನಿಕ ರಾಜ್ಯದ ಮುದಿ ರಾಜವೈದ್ಯ ಬರೀ ಉಪದೇಶ ಮಾಡುವ ಗಡ್ಡದ ಅಜ್ಜ ಆಗಿಬಿಟ್ಟಿದ್ದಾನೆ, ಜೀವ ತುಂಬೋದು ಹೇಗೆ ಅಂತ ಕೇಳಿದ್ದೀರಿ. ನಾನಿರೋದು ಪಣಜಿಯಲ್ಲಿ. ಇಲ್ಲಿ ಚರ್ಚಿನ ಮುಂದಿನ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯನ ಹೆಸರಿದೆ (ಸಂಜೆ ನಾವು ನಾಲ್ಕು ಜನ ಕನ್ನಡದವರು ಹರಟೆ ಹೊಡೆಯೋದೂ ಅಲ್ಲೇ). ಅಹ್ಮದ್‌ನಗರದ ನಿಜಾಮ್‌ಶಾಹನಿಗೂ ಮದ್ದು ಕೊಟ್ಟವನು. 1563ರಲ್ಲಿ ಗೋವೆಯಲ್ಲೇ ಗಿಡಮೂಲಿಕೆಗಳ ಮೇಲೆ ಪುಸ್ತಕ ಅಚ್ಚು ಹಾಕಿಸಿದ. ಆದರೆ ಹುಟ್ಟಿದ್ದು ಮತಾಂತರಗೊಂಡ ಯಹೂದಿ ಮನೆಯಲ್ಲಿ. ಅವನು ಸತ್ತ ಮೇಲೆ ಸಹೋದರಿಯನ್ನು ಇನ್‌ಕ್ವಿಸಿಷನ್‌ನವರು, ಅಂದರೆ ಗುಟ್ಟಾಗಿ ಹಳೇ ಧರ್ಮ ಪಾಲಿಸುವವರನ್ನು ಹಿಡಿದು ಶಿಕ್ಷಿಸುತ್ತಿದ್ದ ಚರ್ಚಿನ ನ್ಯಾಯಾಲಯದವರು, ಸುಟ್ಟರು. 1580ರಲ್ಲಿ ಇವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು.

ನಿಮ್ಮ ವೈದ್ಯನಿಗೂ ಅಂಥದ್ದೊಂದು ಗುಟ್ಟಿರಲಿ. ರಾಜನ ನಾಡಿ ಹಿಡಿದ ಕೈ ನಡುಗಬೇಕು; ವಯಸ್ಸಿಗೋ ಭಯಕ್ಕೋ ಅಂತ ಓದುಗನಿಗೆ ತಿಳೀಬಾರದು. "ಅಜ್ಜನ ಕೈಗುಣ ಹೋಯ್ತು" ಅಂತ ಅಡುಗೆಮನೆಯಲ್ಲಿ ಪಿಸುಮಾತು ಶುರುವಾಗಲಿ. ಹೊಸ ರೋಗಕ್ಕೆ ಹಳೇ ಓಲೆಗರಿಯಲ್ಲಿ ಮದ್ದು ಸಿಗದಾಗ ಸಂತೆಯ ಬೇರು ಮಾರುವವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಲಿ, ಚೌಕಾಸಿಯನ್ನೂ ಮಾಡಲಿ. ಗಡ್ಡ ಇದ್ದರೆ ತೊಂದರೆಯಿಲ್ಲ. ಎರಡನೇ ಅಧ್ಯಾಯದ ಆ ಪ್ರವಚನ ಮಾತ್ರ ದಯವಿಟ್ಟು ಕಿತ್ತುಹಾಕಿ.