ಮಂಡಿ ಒತ್ತುವ ಮೊದಲು ಸೊಂಟದ ಕೀಲು ಎಲ್ಲಿದೆ ಅಂತ ಹುಡುಕಿ

ನಾನು ಫಿಸಿಯೋಥೆರಪಿಸ್ಟ್. ಯೋಗ, ನೃತ್ಯ ಕಲಿಸುವವರಿಗೆ ಅನಾಟಮಿ ಹೇಳಿಕೊಡುತ್ತೇನೆ. ಮೊದಲು ಸ್ವಂತ ಮೈಯನ್ನು ಮುಟ್ಟಿ, ಆಡಿಸಿ, ಗಮನಿಸಿ, ಆಮೇಲೆ ಪುಸ್ತಕ ತೆರೆಯಿರಿ ಅನ್ನುವುದು ನನ್ನ ಕ್ರಮ. ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಕೆಲವು ನಿಲ್ಲುವುದೇ ಇಲ್ಲ. ಅದರಲ್ಲೂ ಪದ್ಮಾಸನ ಮತ್ತು ಮಂಡಿಯ ಪ್ರಶ್ನೆ. ಬರೆಯುವವರು ಬೇರೆ, ಊರು ಬೇರೆ, ಆದರೆ ತಪ್ಪು ಮಾತ್ರ ಅದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಮೈಯಲ್ಲಿ ಮೂಳೆ ಎಷ್ಟು, ಲಿಗಮೆಂಟ್ ಅಂದರೇನು ಅನ್ನುವುದನ್ನೆಲ್ಲ ಇಲ್ಲಿ ಕೇಳಬೇಡಿ, ಹೈಸ್ಕೂಲಿನ ಪುಸ್ತಕದಲ್ಲೇ ಇದೆ.

ಪ್ರಶ್ನೆ: ಯೋಗ ಶಿಕ್ಷಕಿಯ ತರಬೇತಿಯಲ್ಲಿದ್ದೇನೆ. ವಯಸ್ಸು 34. ಸೊಂಟದ ಸುತ್ತಲಿನ ಮಾಂಸಖಂಡಗಳ ಹೆಸರು ಬಾಯಿಪಾಠ ಇವೆ, ಪರೀಕ್ಷೆಯಲ್ಲಿ ಬರೆಯುತ್ತೇನೆ. ಆದರೆ ಪದ್ಮಾಸನ ಹಾಕಿದರೆ ಬಲ ಮಂಡಿ ನೆಲದಿಂದ ಒಂದು ಗೇಣು ಮೇಲೆ ನಿಲ್ಲುತ್ತದೆ. ಗುರುಗಳು ಹಿಂದಿನಿಂದ ಬಂದು ಎರಡೂ ಮಂಡಿ ಮೇಲೆ ಕೈಯಿಟ್ಟು ಒತ್ತುತ್ತಾರೆ. ಮಂಡಿಯ ಒಳಪಕ್ಕ ಚುಚ್ಚಿದ ಹಾಗೆ ನೋವು. ‘ಹಿಪ್ ಓಪನ್ ಆಗಬೇಕು, ದಿನಾ ಮಾಡಿ’ ಅನ್ನುತ್ತಾರೆ. ಎಷ್ಟು ದಿನಕ್ಕೆ ಓಪನ್ ಆಗುತ್ತದೆ?

ಉತ್ತರ: ಆ ಒತ್ತುವುದು ಇವತ್ತೇ ನಿಲ್ಲಬೇಕು. ‘ಗುರುಗಳೇ, ಮಂಡಿ ನೋಯುತ್ತಿದೆ, ಕೈ ಇಡಬೇಡಿ’ ಅಂತ ಬಾಯಿಬಿಟ್ಟು ಹೇಳಿ. ಅವರಿಗೆ ಬೇಜಾರಾದರೆ ಆಗಲಿ. ಬೇಜಾರು ಹೋಗುತ್ತದೆ, ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಮೆನಿಸ್ಕಸ್ ಹರಿದರೆ ಅಷ್ಟು ಸುಲಭಕ್ಕೆ ಕೂಡಿಕೊಳ್ಳುವುದಿಲ್ಲ.

ಎಷ್ಟು ದಿನ ಅನ್ನುವ ಲೆಕ್ಕ ಆಮೇಲೆ. ಮೊದಲು ನಿಮ್ಮ ಸೊಂಟದ ಕೀಲು ಎಲ್ಲಿದೆ ತೋರಿಸಿ. ಯಾರನ್ನು ಕೇಳಿದರೂ ಪ್ಯಾಂಟಿನ ಬೆಲ್ಟ್ ಕೂರುವ ಮೂಳೆಯ ಅಂಚಿನ ಮೇಲೆ ಕೈ ಇಡುತ್ತಾರೆ. ಅಲ್ಲಿ ಕೀಲೇ ಇಲ್ಲ. ಎದ್ದು ನಿಲ್ಲಿ. ಹೊಟ್ಟೆಯ ಕೆಳಗೆ ಮುಂಭಾಗದಲ್ಲಿ, ಬಲಕ್ಕೊಂದು ಎಡಕ್ಕೊಂದು ಮೂಳೆಯ ಮೊನೆ ಸಿಗುತ್ತದಲ್ಲ, ಬಲಗಡೆಯದರ ಮೇಲೆ ಒಂದು ಬೆರಳಿಡಿ. ಇನ್ನೊಂದು ಬೆರಳು ಕೆಳಗೆ ನಡುಮಧ್ಯದ ಮೂಳೆಯ ಮೇಲೆ. ಈ ಎರಡರ ಸರಿಯಾದ ಮಧ್ಯದಲ್ಲಿ, ತೊಡೆಸಂದಿನ ಮಡಿಕೆಯಲ್ಲಿ, ಬೆರಳ ತುದಿಯನ್ನು ಮೆತ್ತಗೆ ಊರಿ ಸ್ವಲ್ಪ ಹೊತ್ತು ಕಾಯಿರಿ. ನಾಡಿ ಸಿಗುತ್ತದೆ. ಅದು ಕಾಲಿಗೆ ಹೋಗುವ ದೊಡ್ಡ ರಕ್ತನಾಳ. ಅದರ ನೇರ ಹಿಂದೆ, ಆಳದಲ್ಲಿ, ತೊಡೆಮೂಳೆಯ ಗುಂಡು ಬಟ್ಟಲಿನೊಳಗೆ ಕೂತಿದೆ. ಗುಂಡನ್ನು ಮುಟ್ಟಲು ಆಗುವುದಿಲ್ಲ, ಮೇಲೆ ಮಾಂಸಖಂಡಗಳಿವೆ, ಮುಟ್ಟಲೇಬೇಕು ಅಂತ ಒತ್ತಲೂಬೇಡಿ. ಜಾಗ ಗೊತ್ತಾದರೆ ಸಾಕು. ಈಗ ಬೆರಳು ಅಲ್ಲೇ ಇರಲಿ, ಮಂಡಿಯನ್ನು ಸ್ವಲ್ಪ ಎತ್ತಿ ಇಳಿಸಿ. ಕಾಲು ಎಲ್ಲಿಂದ ಮಡಿಯುತ್ತಿದೆ ಅಂತ ಆಗ ತಿಳಿಯುತ್ತದೆ. ಎಷ್ಟೋ ವರ್ಷ ಆಸನ ಮಾಡಿದವರೂ ಇದನ್ನು ಮಾಡಿದ ಮೇಲೆ ‘ಇಷ್ಟು ಮುಂದೆ, ಇಷ್ಟು ಒಳಗೆ ಇದೆಯಾ’ ಅನ್ನುತ್ತಾರೆ.

ಇನ್ನು ಹೊರಪಕ್ಕ. ತೊಡೆಯ ಪಕ್ಕದಲ್ಲಿ, ಬೆಲ್ಟಿನ ಮೂಳೆಯಿಂದ ಸುಮಾರು ಒಂದು ಅಂಗೈ ಕೆಳಗೆ, ಗಟ್ಟಿಯಾದ ಒಂದು ಉಬ್ಬು ಇದೆ. ಹೆಸರು ಗ್ರೇಟರ್ ಟ್ರೊಕ್ಯಾಂಟರ್. ಅಂಗೈಯನ್ನು ಅದರ ಮೇಲಿಡಿ. ಭಾರವೆಲ್ಲ ಎಡಗಾಲಿಗೆ ಕೊಟ್ಟು, ಬಲ ಹಿಮ್ಮಡಿ ನೆಲದಲ್ಲೇ ಇರಲಿ, ಇಡೀ ಕಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಿ. ಹೊರಕ್ಕೆ ತಿರುಗಿಸಿದಾಗ ಉಬ್ಬು ಹಿಂದಕ್ಕೆ ಹೋಗುತ್ತದೆ, ಒಳಕ್ಕೆ ಅಂದರೆ ಮುಂದಕ್ಕೆ. ಈ ಉಬ್ಬಿಗೂ ಒಳಗಿರುವ ಗುಂಡಿಗೂ ನಡುವೆ ಮೂಳೆಯ ಕತ್ತು ಇದೆ. ದೊಡ್ಡವರಲ್ಲಿ ಅದು ತೊಡೆಮೂಳೆಯ ಕಂಬದ ಜೊತೆ ಸುಮಾರು 125 ಡಿಗ್ರಿ ಕೋನದಲ್ಲಿರುತ್ತದೆ, ಜೊತೆಗೆ ಸ್ವಲ್ಪ ಮುಂದಕ್ಕೂ ತಿರುಗಿರುತ್ತದೆ, ಸರಾಸರಿ 15 ಡಿಗ್ರಿಯ ಆಸುಪಾಸು. ಸರಾಸರಿ ಅಂದೆ. ಒಬ್ಬರಿಂದ ಒಬ್ಬರಿಗೆ ಇದು ತುಂಬ ಬೇರೆ ಇರುತ್ತದೆ, ಒಬ್ಬರದೇ ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರಬಹುದು. ಮುಂದಕ್ಕೆ ಜಾಸ್ತಿ ತಿರುಗಿದ್ದರೆ ಕಾಲು ಒಳಕ್ಕೆ ಚೆನ್ನಾಗಿ ತಿರುಗುತ್ತದೆ, ಹೊರಕ್ಕೆ ಕಡಿಮೆ. ನಿಮ್ಮ ಬಲ ಮಂಡಿಯೊಂದೇ ಮೇಲೆ ನಿಲ್ಲುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಈಗ ಮಂಡಿಗೆ ಬನ್ನಿ. ಕುರ್ಚಿಯಲ್ಲಿ ಕೂತು ಪಾದ ನೆಲಕ್ಕಿಡಿ. ಮಂಡಿಚಿಪ್ಪಿನ ಕೆಳಗೆ ಕಣಕಾಲಿನ ಮೂಳೆಯಲ್ಲಿ ಒಂದು ಸಣ್ಣ ಗುಬ್ಬು ಇದೆ, ಅದರ ಮೇಲೆ ಬೆರಳಿಡಿ. ತೊಡೆ ಅಲ್ಲಾಡಬಾರದು, ಪಾದದ ಮುಂಭಾಗವನ್ನು ಮಾತ್ರ ಒಳಕ್ಕೆ ಹೊರಕ್ಕೆ ತಿರುಗಿಸಿ. ಗುಬ್ಬು ಸ್ವಲ್ಪವೇ ಸ್ವಲ್ಪ ಸರಿಯುತ್ತದೆ. ಅಂದರೆ ಮಡಿಸಿದ ಮಂಡಿ ತುಸು ತಿರುಚಿಕೊಳ್ಳುತ್ತದೆ. ಈಗ ಕಾಲನ್ನು ಪೂರ್ತಿ ನೇರ ಮಾಡಿ, ಒಂದು ಕೈ ತೊಡೆಯ ಹೊರ ಉಬ್ಬಿನ ಮೇಲಿಟ್ಟು ಮತ್ತೆ ಪಾದ ತಿರುಗಿಸಿ. ಈ ಸಲ ಉಬ್ಬು ಉರುಳುತ್ತದೆ, ತಿರುಗುವ ಕೆಲಸವನ್ನು ಸೊಂಟದ ಕೀಲು ಮಾಡುತ್ತಿದೆ. ಪಾದ ತಿರುಗಿದ್ದು ಎರಡೂ ಸಲ ಒಂದೇ ಥರ ಕಂಡಿತು, ಆದರೆ ತಿರುಗಿದ ಕೀಲು ಬೇರೆ ಬೇರೆ. ಕಣ್ಣಿಗೆ ಕಾಣದ ಇದನ್ನು ಕೈ ಹೇಳಿತು, ಅಲ್ವಾ? ಹೆಸರು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರಿಗೆ ಇದು ಗೊತ್ತಿರುವುದಿಲ್ಲ. ತರಬೇತಿ ಕೊಡುವವರು ಇದನ್ನು ಮಾಡಿಸುವುದೂ ಇಲ್ಲ, ನನಗೆ ಸಿಟ್ಟು ಬರುವುದೇ ಅದಕ್ಕೆ.

ಈಗ ನಿಮ್ಮ ಪದ್ಮಾಸನ ನೋಡೋಣ. ಪಾದವನ್ನು ಎದುರು ತೊಡೆಯ ಮೇಲೆ ಕೂರಿಸಬೇಕಾದರೆ ತೊಡೆಮೂಳೆ ಬಟ್ಟಲಿನೊಳಗೆ ಹೊರಕ್ಕೆ ಚೆನ್ನಾಗಿ ತಿರುಗಬೇಕು. ಅದು ಒಂದು ಹಂತಕ್ಕೆ ನಿಂತುಬಿಟ್ಟಿತು ಅನ್ನಿ. ಪಾದ ತೊಡೆಯ ಮೇಲೆ ಸಿಕ್ಕಿಕೊಂಡಿದೆ, ಮೇಲಿನಿಂದ ಯಾರೋ ಮಂಡಿಯನ್ನು ಒತ್ತುತ್ತಿದ್ದಾರೆ. ಉಳಿದ ತಿರುವು ಎಲ್ಲಿಗೆ ಹೋಗಬೇಕು? ಮಂಡಿಗೇ. ಮಂಡಿಯ ಒಳಪಕ್ಕದ ಮೆನಿಸ್ಕಸ್ ಎರಡು ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಪಕ್ಕದ ಮೆನಿಸ್ಕಸ್ ಸ್ವಲ್ಪ ಸರಿದು ಜಾಗ ಬಿಡಬಲ್ಲದು, ಒಳಪಕ್ಕದ್ದು ಅಲ್ಲಿನ ಲಿಗಮೆಂಟಿಗೆ ಅಂಟಿಕೊಂಡಿರುವುದರಿಂದ ಅಷ್ಟು ಸರಿಯಲಾರದು. ನೀವು ಹೇಳಿದ ಚುಚ್ಚುವ ನೋವು ಅಲ್ಲೇ ಇದೆ. ಅದನ್ನು ‘ಒಳ್ಳೆಯ ನೋವು’ ಅಂತ ಹೇಳುವವರ ಮಾತನ್ನು ಕೇಳಬೇಡಿ. ತೊಡೆಯ ಮಾಂಸಖಂಡ ಎಳೆದ ಹಾಗಾಗುವುದು ಬೇರೆ, ಕೀಲಿನೊಳಗೆ ಚುಚ್ಚುವುದು ಬೇರೆ.

ಸೊಂಟ ಎಷ್ಟು ತಿರುಗುತ್ತದೆ ಅಂತ ನೋಡಬೇಕಾ? ಬೋರಲಾಗಿ ಮಲಗಿ, ಮಂಡಿಯನ್ನು 90 ಡಿಗ್ರಿ ಮಡಿಸಿ, ಪಾದವನ್ನು ನಿಧಾನಕ್ಕೆ ಇನ್ನೊಂದು ಕಾಲಿನ ಕಡೆಗೆ ವಾಲಲು ಬಿಡಿ. ಸೊಂಟ ನೆಲ ಬಿಟ್ಟು ಏಳುವ ಹೊತ್ತಿಗೆ ನಿಲ್ಲಿಸಿ. ಹೊರಕ್ಕೆ ತಿರುಗುವುದು ಅಂದರೆ ಇದೇ, ಸುಮಾರು 45 ಡಿಗ್ರಿ ಸಾಮಾನ್ಯ. ಎರಡೂ ಕಡೆ ಹೋಲಿಸಿ. ಇದು ಸುಳಿವು ಮಾತ್ರ, ಯಾಕೆಂದರೆ ಪದ್ಮಾಸನದಲ್ಲಿ ತೊಡೆ ಮಡಿಸಿರುತ್ತದೆ, ಇಲ್ಲಿ ನೇರ ಇರುತ್ತದೆ. ಕೊನೆಯಲ್ಲಿ ಎಳೆತ ಬಂದು ಮೆತ್ತಗೆ ನಿಂತರೆ ಮಾಂಸಖಂಡವೋ ಕೀಲಿನ ಚೀಲವೋ ಬಿಗಿಯಾಗಿದೆ, ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡಿದರೆ ಬದಲಾಗುತ್ತದೆ. ಗೋಡೆಗೆ ತಾಗಿದ ಹಾಗೆ ಥಟ್ಟನೆ ನಿಂತರೆ, ಅಥವಾ ಮಂಡಿಯನ್ನು ಎದೆಯ ಕಡೆ ತಂದಾಗ ತೊಡೆಸಂದಿನ ಮುಂದೆ ಚಿವುಟಿದ ಹಾಗಾದರೆ, ಅದು ಮೂಳೆಯ ಆಕಾರದ ವಿಷಯ ಇರಬಹುದು. ಬೆಳೆದು ಮುಗಿದ ಮೂಳೆಯ ಕೋನ ಆಸನದಿಂದ ಬದಲಾಗುವುದಿಲ್ಲ. ‘ಎಷ್ಟು ದಿನ’ ಅಂತ ಕೇಳಿದಿರಲ್ಲ, ಕೆಲವರಿಗೆ ಯಾವತ್ತೂ ಇಲ್ಲ ಅನ್ನುವುದೇ ಉತ್ತರ. ಅದರಲ್ಲಿ ಸೋಲು ಏನೂ ಇಲ್ಲ. ಚಿಕ್ಕಂದಿನಿಂದ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಂಡವರಿಗೆ ಸುಲಭ, ನಿಜ, ಆದರೆ ಅವರಲ್ಲೂ ಎಲ್ಲರಿಗೂ ಪದ್ಮಾಸನ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ನೆಲಕ್ಕೆ. ಒಂದು ಕೈ ತೊಡೆಸಂದಿನ ಮೇಲೆ, ಒಂದು ಕೈ ಹೊರ ಉಬ್ಬಿನ ಮೇಲೆ. ಬಲ ಮಂಡಿಯನ್ನು ಹೊರಕ್ಕೆ ಸ್ವಲ್ಪ ವಾಲಿಸಿ, ವಾಪಸ್ ತನ್ನಿ. ಸ್ವಲ್ಪ ಅಂದರೆ ಸ್ವಲ್ಪವೇ. ಎಂಟು ಹತ್ತು ಸಲ, ನಿಧಾನಕ್ಕೆ. ಉಬ್ಬು ಉರುಳುವುದನ್ನು ಗಮನಿಸಿ, ಸೊಂಟವೂ ಜೊತೆಗೆ ಹೊರಳುತ್ತಿದೆಯಾ, ಉಸಿರು ಕಟ್ಟಿದ್ದೀರಾ ನೋಡಿ. ಆಮೇಲೆ ಕಾಲು ಚಾಚಿ ಸುಮ್ನೆ ಮಲಗಿ, ಎರಡೂ ಕಡೆ ಹೇಗಿದೆ ಹೋಲಿಸಿ. ಇಷ್ಟು ಸಣ್ಣ ಚಲನೆ ಯಾಕೆ ಅಂದರೆ, ಜೋರಾಗಿ ಎಳೆಯುವಾಗ ಸಣ್ಣ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. 1904ರಲ್ಲಿ ಹುಟ್ಟಿದ ಮೋಶೆ ಫೆಲ್ಡನ್‌ಕ್ರೈಸ್ ಭೌತವಿಜ್ಞಾನಿ, ಜೂಡೋ ಕಲಿತವರು. ತಮ್ಮದೇ ಮಂಡಿಗೆ ಪೆಟ್ಟಾದ ಮೇಲೆ ಇಂಥ ನಿಧಾನದ, ಗಮನದ ಚಲನೆಗಳ ಒಂದು ಪದ್ಧತಿಯನ್ನೇ ಕಟ್ಟಿದರು. ಇವತ್ತು ಸೊಮ್ಯಾಟಿಕ್ ಅಂತ ಕರೆಯುವ, ಮೈಯನ್ನು ಒಳಗಿಂದ ಗಮನಿಸುತ್ತ ಮಾಡುವ ಅಭ್ಯಾಸಗಳಲ್ಲಿ ಬಹಳಷ್ಟರ ಹಿಂದೆ ಅವರ ಕೆಲಸ ಇದೆ.

ಕೂರುವುದಕ್ಕೆ ಸುಖಾಸನ ಸಾಕು. ಕಂಬಳಿ ಮಡಿಸಿ ಅದರ ಅಂಚಿನ ಮೇಲೆ ಕೂತು, ಕೂರುವ ಮೂಳೆಗಳ ಕೆಳಗೆ ಅಂಗೈ ಇಟ್ಟು ಹಿಂದೆ ಮುಂದೆ ತೂಗಿ ನೋಡಿ. ಸೊಂಟ ಹಿಂದಕ್ಕೆ ಕುಸಿಯದೆ ನೆಟ್ಟಗೆ ನಿಲ್ಲುವ ಎತ್ತರ ಸಿಗುವವರೆಗೆ ಕಂಬಳಿ ಸೇರಿಸಿ. ಕಂಬಳಿ ಹಾಕಿಕೊಳ್ಳುವುದಕ್ಕೆ ನಾಚಿಕೆ ಯಾಕೆ? ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಕಂಬಳಿ, ಬೆಲ್ಟು, ಇಟ್ಟಿಗೆ ಹಿಡಿಸಿಯೇ ಪ್ರಪಂಚಕ್ಕೆ ಆಸನ ಕಲಿಸಿದರು.

ಮಂಡಿ ಊದಿದ್ದರೆ, ಮಡಿಸಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ತೊಡೆಸಂದಿನ ನೋವು ರಾತ್ರಿ ನಿದ್ದೆ ಕೆಡಿಸಿದರೆ, ಕುಂಟುವ ಹಾಗಾಗಿದ್ದರೆ, ಮನೆಯಲ್ಲಿ ಪರೀಕ್ಷೆ ಮಾಡುತ್ತ ಕೂರಬೇಡಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ತೊಡೆಮೂಳೆಯ ಗುಂಡಿಗೆ ರಕ್ತ ಹೋಗುವುದು ನಿಂತು ಮೂಳೆ ಹಾಳಾಗುವುದುಂಟು, ಅವರಂತೂ ತಡ ಮಾಡಬಾರದು. ಸೊಂಟದ ಕೀಲು ಬದಲಾಯಿಸಿಕೊಂಡವರು ಇಲ್ಲಿ ಹೇಳಿದ್ದು ಯಾವುದನ್ನೂ ತಮ್ಮ ಸರ್ಜನ್ ಕೇಳದೆ ಮಾಡಬೇಡಿ.

ಇನ್ನೊಂದು ಮಾತು, ನೀವು ನಾಳೆ ಶಿಕ್ಷಕಿ ಆಗುವವರು ಅಂತ ಹೇಳುತ್ತಿದ್ದೇನೆ. ನಿಮ್ಮ ಮೈಯಲ್ಲಿ ಕಲಿತದ್ದು ನಿಮ್ಮ ಮೈಯ ಬಗ್ಗೆ. ಎದುರಿಗೆ ಕೂತವರ ಮೂಳೆಯ ಕೋನ ನಿಮಗೆ ಕಾಣುವುದಿಲ್ಲ. ಕೇಳಿ, ಒಪ್ಪಿದರೆ ಮುಟ್ಟಿ, ಅವರ ಕೈಯನ್ನೇ ಅವರ ಉಬ್ಬಿನ ಮೇಲೆ ಇಡಿಸಿ. ಒತ್ತುವ ಹಕ್ಕು ನಿಮಗಿಲ್ಲ.

ಪ್ರಶ್ನೆ: ಭರತನಾಟ್ಯ ಕಲಿಯುವ ನನ್ನ ಮಗಳಿಗೆ ಅರಮಂಡಿಯಲ್ಲಿ, ಅಂದರೆ ಮಂಡಿ ಹೊರಕ್ಕೆ ಅರ್ಧ ಮಡಿಸಿ ನಿಲ್ಲುವ ಭಂಗಿಯಲ್ಲಿ, ಪಾದ ಪೂರ್ತಿ ಪಕ್ಕಕ್ಕೆ ತಿರುಗಿಸು ಅನ್ನುತ್ತಾರೆ. ಮಾಡಿಸಬಹುದಾ?

ಉತ್ತರ: ಮೇಲಿನ ಉತ್ತರ ಓದಿ, ಅದೇ ವಿಷಯ. ತೊಡೆ ಎಷ್ಟು ತಿರುಗುತ್ತದೋ ಪಾದ ಅಷ್ಟೇ ತಿರುಗಬೇಕು. ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ದಿಕ್ಕಿಗೇ ನೋಡುತ್ತಿರಬೇಕು. ಮಂಡಿ ಮುಂದಕ್ಕೆ, ಪಾದ ಪಕ್ಕಕ್ಕೆ ಇದ್ದರೆ ತಕ್ಷಣ ಪಾದ ಒಳಗೆ ತರಿಸಿ.

ಪ್ರಶ್ನೆ: ಕೈ ಮೇಲೆತ್ತುವಾಗ ಭುಜವನ್ನು ಕೆಳಗೆ ಒತ್ತಿ ಹಿಡಿಯಿರಿ ಅನ್ನುತ್ತಾರೆ. ನನಗೆ ಭುಜದ ಮೇಲೆ ನೋವು ಬರುತ್ತದೆ.

ಉತ್ತರ: ಬರಲೇಬೇಕು. ಕೈ ಪೂರ್ತಿ ಎತ್ತಿದಾಗ ಆಗುವ ಚಲನೆಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆನ್ನಿನ ರೆಕ್ಕೆಮೂಳೆಯದು. ಮನೆಯಲ್ಲಿ ಯಾರಾದರೂ ಅದರ ಕೆಳತುದಿಯ ಮೇಲೆ ಬೆರಳಿಟ್ಟು ನೋಡಲಿ, ಕೈ ಏರುತ್ತಿದ್ದ ಹಾಗೆ ಅದು ಕಂಕುಳ ಕಡೆಗೆ ಜಾರುತ್ತದೆ. ಅದನ್ನು ಕೆಳಗೆ ಅದುಮಿ ಹಿಡಿದು ಕೈ ಎತ್ತು ಅಂದರೆ ಹೇಗೆ? ಭುಜ ಏರಲಿ ಬಿಡಿ, ಕಿವಿಗೆ ಗಟ್ಟಿ ಅಂಟಿಸಬೇಡಿ, ಅಷ್ಟೇ.

ಪ್ರಶ್ನೆ: ಬೆನ್ನೆಲುಬಿನಿಂದ ಹೊಟ್ಟೆಯ ಆಳದಲ್ಲಿ ತೊಡೆಮೂಳೆಗೆ ಇಳಿಯುವ ಸೋಯಾಸ್ ಮಾಂಸಖಂಡದಲ್ಲಿ ಹಳೆಯ ದುಃಖ ಕೂತಿರುತ್ತದಂತೆ, ಒತ್ತಿ ಬಿಡಿಸಿಕೊಳ್ಳಬಹುದಾ?

ಉತ್ತರ: ಬೇಡ. ಹೆದರಿದಾಗ ಮೈ ಬಿಗಿಯುವುದು ನಿಜ, ನಿಧಾನದ ಅಭ್ಯಾಸದಲ್ಲಿ ಅಳು ಬಂದರೆ ಅತ್ತುಬಿಡಿ. ಆದರೆ ಮಾಂಸಖಂಡದಲ್ಲಿ ನೆನಪು ಶೇಖರಣೆ ಆಗುವುದಿಲ್ಲ. ಬಿಡಿಸುತ್ತೇನೆ ಅಂತ ಹೊಟ್ಟೆಯೊಳಕ್ಕೆ ಬೆರಳು ಇಳಿಸುವವರಿಗೆ ದುಡ್ಡು ಕೊಡಬೇಡಿ, ಆ ದಾರಿಯಲ್ಲಿ ಕರುಳಿದೆ, ದೊಡ್ಡ ರಕ್ತನಾಳಗಳಿವೆ.

ಪ್ರಶ್ನೆ: ಹೊಕ್ಕುಳು ಸರಿದಿದೆ ಅಂತ ಊರಿನಲ್ಲಿ ಒಬ್ಬರು ಮುಟ್ಟಿ ಹೇಳಿದರು.

ಉತ್ತರ: ಹೊಕ್ಕುಳು ಸರಿಯುವುದಿಲ್ಲ. ಅವರ ಕೈಗೆ ಸಿಕ್ಕಿದ್ದು ಬೆನ್ನೆಲುಬಿನ ಮುಂದೆ ಹಾದುಹೋಗುವ ಮಹಾರಕ್ತನಾಳದ ಬಡಿತ, ಅದು ಇರುವುದೇ ಮಧ್ಯದಿಂದ ಸ್ವಲ್ಪ ಎಡಕ್ಕೆ.

ಪ್ರಶ್ನೆ: ಕಟಿಂಗ್ ಶಾಪಿನಲ್ಲಿ ಕತ್ತು ತಿರುಗಿಸಿ ಲಟಕ್ ಅನ್ನಿಸುತ್ತಾರೆ. ಹಾಯಾಗಿರುತ್ತದೆ. ತೊಂದರೆ ಇದೆಯಾ?

ಉತ್ತರ: ಇದೆ. ಮಿದುಳಿನ ಹಿಂಭಾಗಕ್ಕೆ ಹೋಗುವ ಎರಡು ರಕ್ತನಾಳಗಳು ಕತ್ತಿನ ಮೂಳೆಗಳ ತೂತುಗಳ ಒಳಗಿಂದಲೇ ಹಾದುಹೋಗುತ್ತವೆ. ಥಟ್ಟನೆ ತಿರುಚಿದಾಗ ಅವುಗಳ ಗೋಡೆ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಪರೂಪ ಅಂತ ಸಮಾಧಾನ ಹೇಳಿಕೊಳ್ಳಬೇಡಿ. ಕೂದಲು ಕತ್ತರಿಸಿದ ಮೇಲೆ ಎದ್ದುಬಿಡಿ.

ಪ್ರಶ್ನೆ: ಅನಾಟಮಿಗೆ ಯಾವ 3ಡಿ ಆ್ಯಪ್ ಒಳ್ಳೆಯದು?

ಉತ್ತರ: ಯಾವುದಾದರೂ ಆದೀತು, ಮೈ ಮುಟ್ಟಿ ನೋಡಿದ ಮೇಲೆ ತೆರೆಯಿರಿ. ಸುಶ್ರುತ ಕೂಡ ಕಣ್ಣಾರೆ ಕಂಡದ್ದು, ಶಾಸ್ತ್ರದಲ್ಲಿ ಓದಿದ್ದು ಎರಡೂ ಸೇರಿದರೇ ತಿಳಿವಳಿಕೆ ಬೆಳೆಯುತ್ತದೆ ಅಂದಿದ್ದಾನೆ. ಹೆಣವನ್ನು ಏಳು ರಾತ್ರಿ ನೀರಿನಲ್ಲಿ ನೆನೆಸಿಟ್ಟು, ಪದರ ಪದರವಾಗಿ ಉಜ್ಜುತ್ತ ನೋಡಬೇಕು ಅಂತ ಕ್ರಮವನ್ನೂ ಹೇಳಿದ್ದಾನೆ.

ಪ್ರಶ್ನೆ: ಕಣ್ಣು ಮುಚ್ಚಿ ಮೈಯನ್ನು ಗಮನಿಸಿ ಅನ್ನುತ್ತೀರಿ. ನನಗೆ ಏನೂ ಗೊತ್ತಾಗುವುದಿಲ್ಲ. ವಯಸ್ಸು 58, ಶುಗರ್ ಇದೆ.

ಉತ್ತರ: ಸೊಂಟ, ಬೆನ್ನಿನಿಂದ ಶುರು ಮಾಡಬೇಡಿ, ಮುಂಗೈಯಿಂದ ಮಾಡಿ. ಎಡ ಮೊಣಕೈಯನ್ನು ಮೇಜಿನ ಮೇಲಿಡಿ, ಅಂಗೈ ಮೇಲ್ಮುಖ. ಬಲಗೈಯಿಂದ ಮಣಿಕಟ್ಟಿನ ಹತ್ತಿರ ಎರಡೂ ಮೂಳೆಗಳನ್ನು ಹಿಡಿದು, ಅಂಗೈಯನ್ನು ನಿಧಾನಕ್ಕೆ ಕೆಳಮುಖ ಮಾಡಿ. ಕಿರುಬೆರಳಿನ ಕಡೆಯ ಮೂಳೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೆಬ್ಬೆರಳಿನ ಕಡೆಯದು ಅದರ ಮೇಲೆ ದಾಟಿ ಹೋಗುತ್ತದೆ. ಕಣ್ಣು ತೆರೆದು ಕೆಲವು ಸಲ, ಆಮೇಲೆ ಮುಚ್ಚಿ. ಆಮೇಲೆ ಹಿಡಿದ ಕೈಯನ್ನೂ ಬಿಟ್ಟು, ಒಳಗಿಂದಲೇ ಗೊತ್ತಾಗುತ್ತದಾ ನೋಡಿ. ಒಂದು ವಾರ ಇಷ್ಟೇ ಮಾಡಿ. ಪಾದದ ವಿಷಯದಲ್ಲಿ ಮಾತ್ರ ನಿಮ್ಮ ಸ್ಪರ್ಶವನ್ನು ನಂಬಬೇಡಿ. ಶುಗರಿನಿಂದ ಅಲ್ಲಿನ ನರಗಳು ಮಂದ ಆಗಿರಬಹುದು, ಮುಳ್ಳು ಚುಚ್ಚಿದರೂ ತಿಳಿಯದೇ ಇರಬಹುದು. ಬರಿಗಾಲಿನಲ್ಲಿ ಹೊರಗೆ ನಡೆಯುವ ‘ಗ್ರೌಂಡಿಂಗ್’ ಅಭ್ಯಾಸ ನಿಮಗೆ ಬೇಡ. ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲನ್ನು ಕಣ್ಣಿಂದ ನೋಡಿ, ಗಾಯ, ಗುಳ್ಳೆ ಏನು ಕಂಡರೂ ಮರುದಿನವೇ ಡಾಕ್ಟರಿಗೆ ತೋರಿಸಿ.