ಸಾಲ್ವಡಾರ್ ಡಾಲಿ ನಿಜಕ್ಕೂ ಹುಚ್ಚನಾ? ಅವನ ಚಿತ್ರ ನೋಡೋದು ಎಲ್ಲಿಂದ ಶುರು ಮಾಡ್ಲಿ?

ಹುಚ್ಚ ಅಲ್ಲವೇ ಅಲ್ಲ, ಸ್ಪೇನಿನ ದೊಡ್ಡ ಚಿತ್ರಕಾರ ಅವ. ನಾನು ಕುಮಟಾದವ, ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡ್ತೀನಿ. ಡಾಲಿ ಅಂದ್ರೆ ಎಲ್ಲರೂ ಮೇಲಕ್ಕೆ ತಿರುಚಿದ ಆ ಮೀಸೆಯಿಂದ ಶುರು ಮಾಡ್ತಾರೆ, ನನ್ನ ಕೇಳಿದ್ರೆ ಅವನನ್ನ ಅರ್ಥ ಮಾಡ್ಕೊಳ್ಳೋಕೆ ಅವನ ಮನೆ ಹತ್ರದ ಸಮುದ್ರದಿಂದ ಶುರು ಮಾಡಿ.

ಹುಟ್ಟಿದ್ದು 1904ರಲ್ಲಿ, ಸ್ಪೇನಿನ ಫಿಗೆರಸ್ ಊರಲ್ಲಿ. ಅವ ಹುಟ್ಟೋಕೆ ಮುಂಚೆನೇ ತೀರಿಹೋಗಿದ್ದ ಅಣ್ಣನ ಹೆಸರನ್ನೇ ಇವನಿಗೂ ಇಟ್ರು, ಅದು ಎಷ್ಟು ಕಾಡಿರ್ಬೇಕು ಅಂದ್ರೆ 1963ರಲ್ಲಿ, ಅರವತ್ತರ ಹತ್ರ ಬಂದಾಗ, ಆ ಸತ್ತ ಅಣ್ಣನ ಚಿತ್ರ ಬರೆದ. 1930ರಲ್ಲಿ ಪೋರ್ಟ್ ಲಿಗಾತ್ ಅನ್ನೋ ಮೀನುಗಾರರ ಕೇರಿಲಿ ಒಂದು ಚಿಕ್ಕ ಗುಡಿಸಲು ತಗೊಂಡ, ಆಮೇಲೆ ಅಕ್ಕಪಕ್ಕದ್ದನ್ನೂ ಒಂದೊಂದೇ ಸೇರಿಸ್ಕೊಂಡು ಮನೆ ಮಾಡ್ಕೊಂಡ. ಹೆಂಡತಿ ಗಾಲಾ 1982ರಲ್ಲಿ ತೀರಿಹೋಗೋವರೆಗೂ ಅದೇ ಅವನ ಮನೆ, ನಡುವೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದಿದ್ದು ಬಿಟ್ರೆ.

ಆ ಮನೆ ಹತ್ರಾನೇ ಕಾಪ್ ದೆ ಕ್ರೆಯುಸ್ ಅಂತ ಬಂಡೆಗಳ ತೀರ ಇದೆ, ಗಾಳಿ ಉಪ್ಪುನೀರು ಕೊರೆದೂ ಕೊರೆದೂ ಒಂದೊಂದು ಬಂಡೆಲೂ ಪ್ರಾಣಿ, ಮುಖ ಕಾಣುತ್ತೆ, ನಮ್ಮ ಯಾಣದ ಬುಡದಲ್ಲಿ ಕತ್ತೆತ್ತಿ ನಿಂತವರಿಗೆ ಇದೆಂತ ಅಂತ ಬಿಡಿಸಿ ಹೇಳೋದು ಬೇಡ. ಕರಗಿ ಜೋತುಬಿದ್ದ ಗಡಿಯಾರಗಳ ಚಿತ್ರ ನೋಡಿರ್ತೀರಲ್ಲ, 1931ರದ್ದು, ಅದರ ಹಿಂದೆ ಬಿಸಿಲು ಬಿದ್ದಿರೋ ಬಂಡೆಗಳು ಇದೇ ತೀರದವು. ಅದು ಗೋಡೆಯಷ್ಟು ದೊಡ್ಡದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಇರೋದು 24 ಸೆಂಟಿಮೀಟರ್‌ಗೆ 33, ಎ4 ಹಾಳೆಗಿಂತ ಚೂರು ದೊಡ್ಡದು ಅಷ್ಟೆ! ಅಷ್ಟು ಜಾಗದಲ್ಲಿ ಗಡಿಯಾರದ ಮೇಲಿನ ಇರುವೆಗಳನ್ನೂ ಬಿಡದೆ ಬರೆಯೋಕೆ ಕೈ, ಕಣ್ಣು, ತಾಳ್ಮೆ ಮೂರೂ ಬೇಕು.

ಕನಸು ಹಿಡಿಯೋದಕ್ಕೂ ಅವನದ್ದೊಂದು ಪದ್ಧತಿ ಇತ್ತು. ಕುರ್ಚಿಲಿ ಕೂತು ಬೆರಳಲ್ಲಿ ಭಾರದ ಕೀಲಿ ಹಿಡ್ಕೊಂಡು ತೂಕಡಿಸೋದು, ಕೆಳಗೆ ತಟ್ಟೆ ಬೋರಲು ಹಾಕಿರೋದು, ನಿದ್ದೆ ಹತ್ತಿದ ಕೂಡ್ಲೆ ಕೀಲಿ ಬಿದ್ದು ಟಣ್ ಅನ್ನುತ್ತೆ, ಎದ್ದ ತಕ್ಷಣ ಕೆಲಸಕ್ಕೆ ಕೂರೋದು.

ವೇಷ ಹಾಕ್ತಿದ್ದ, ಇಲ್ಲ ಅನ್ನಲ್ಲ. 1936ರಲ್ಲಿ ಲಂಡನ್ನಿನಲ್ಲಿ ಭಾಷಣಕ್ಕೆ ಮುಳುಗುಗಾರರ ಡ್ರೆಸ್ ಹಾಕ್ಕೊಂಡು ಬಂದು ಉಸಿರುಕಟ್ಟಿ ಸಾಯೋದೊಂದು ಬಾಕಿ ಇತ್ತು. 1967ರಲ್ಲಿ ಏರ್ ಇಂಡಿಯಾದವರು ಒಂದು ಆ್ಯಶ್‌ಟ್ರೇ ಡಿಸೈನ್ ಮಾಡಿಸ್ಕೊಂಡ್ರು, ಅದಕ್ಕೆ ಇವ ದುಡ್ಡಿನ ಬದಲು ಆನೆಮರಿ ಕೇಳಿದ, ಅವ್ರು ನಮ್ಮ ಬೆಂಗಳೂರಿಂದಲೇ ಒಂದು ಮರೀನ ವಿಮಾನದಲ್ಲಿ ಕಳಿಸಿದ್ರು! ಆ ಮರಿ ಬಗ್ಗೆ ನಂಗೆ ಈಗಲೂ ಪಾಪ ಅನ್ನಿಸುತ್ತೆ. ಆದ್ರೆ ಆ್ಯಶ್‌ಟ್ರೇ ನೋಡಿ, ಅದರಲ್ಲಿರೋ ಹಂಸನ ತಲೆಕೆಳಗು ಮಾಡಿದ್ರೆ ಆನೆ ತಲೆ ಆಗುತ್ತೆ, 1937ರ ಒಂದು ಚಿತ್ರದಲ್ಲೂ ಕೊಳದ ಹಂಸಗಳು ನೀರಲ್ಲಿ ಆನೆಗಳಾಗಿ ಕಾಣ್ತವೆ. ಒಂದರಲ್ಲಿ ಇನ್ನೊಂದು ಕಾಣೋ ಈ ಕಣ್ಣು ಆ ಬಂಡೆಗಳಿಂದಲೇ ಬಂತು ಅಂತ ನಾನು ನಂಬ್ತೀನಿ.

ಮೆಚ್ಚೋಕೆ ಆಗದ್ದೂ ಇದೆ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಹೊಗಳಿದ್ದು ನಂಗೆ ಇವತ್ತಿಗೂ ಒಪ್ಪಿಗೆ ಇಲ್ಲ, ಚಿತ್ರ ಎಷ್ಟೇ ಚೆನ್ನಾಗಿರ್ಲಿ.

ಚಿತ್ರ ನೋಡೋದು ಎಲ್ಲಿಂದ ಶುರು ಅಂದ್ರಲ್ಲ, ಗಡಿಯಾರ ಆಮೇಲೆ ನೋಡಿ. ಮೊದ್ಲು 1945ರಲ್ಲಿ ಬರೆದ ಬ್ರೆಡ್ ಬುಟ್ಟಿ ಚಿತ್ರ ಹುಡುಕಿ. ಒಂದು ಬುಟ್ಟಿ, ಒಂದು ತುಂಡು ಬ್ರೆಡ್, ಹಿಂದೆ ಕತ್ತಲೆ, ಬೇರೆ ಏನೂ ಇಲ್ಲ. ಫೋನಲ್ಲೇ ಆದ್ರೂ ದೊಡ್ಡದು ಮಾಡಿ ಆ ಬ್ರೆಡ್ಡಿನ ಮೇಲೆ ಬೆಳಕು ಹೇಗೆ ಕೂತಿದೆ ನೋಡಿ, ಅವ ಹುಚ್ಚನಾ ಅನ್ನೋ ಪ್ರಶ್ನೆ ಆಮೇಲೆ ಕೇಳಿ.